ಲೆಕ್ಕ ಕೇಳುವ ಹಕ್ಕು: ಮೈಸೂರು ಸಂಸ್ಥಾನದ ಬೊಕ್ಕಸದ ಕಥೆ

ಮಲೆನಾಡಿನ ನಗರ ಸೀಮೆಯ ಒಂದು ಜಾಗದಲ್ಲಿ ಹಾದುಹೋಗುವವರು ಎರಡೂ ಕೈಗಳನ್ನು ಮೈಗೆ ಒತ್ತಿಕೊಂಡೇ ನಡೆಯಬೇಕಿತ್ತು. ಕೈ ಬೀಸಿಕೊಂಡು ಹೋದವರು ತೆರಿಗೆ ಕಟ್ಟಬೇಕು. ಇನ್ನೊಂದು ಊರಿನವರು ತಲೆತಲಾಂತರದಿಂದ ಒಂದು ತೆರಿಗೆ ತೆರುತ್ತಲೇ ಬಂದಿದ್ದರು. ತಪ್ಪಿಸಿಕೊಂಡ ಪಾಳೆಯಗಾರನ ಕುದುರೆಯೊಂದನ್ನು ಅವರ ಹಿರೀಕರು ಯಾವುದೋ ಕಾಲದಲ್ಲಿ ಹುಡುಕಿಕೊಟ್ಟಿರಲಿಲ್ಲ ಎಂಬುದೇ ಅದಕ್ಕೆ ಕಾರಣ. ಮದುವೆಯಾದರೆ ತೆರಿಗೆ. ಮಗು ಹುಟ್ಟಿದರೆ, ಅದಕ್ಕೆ ಹೆಸರಿಟ್ಟರೆ, ಅದರ ತಲೆಗೂದಲು ತೆಗೆಸಿದರೆ ಒಂದೊಂದಕ್ಕೂ ಬೇರೆ ಬೇರೆ ತೆರಿಗೆ. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಝೆಟಿಯರ್‌ನಲ್ಲಿ ಇವನ್ನೆಲ್ಲ ಪಟ್ಟಿ ಮಾಡಿದ್ದಾರೆ. ರೈಸ್ ಬ್ರಿಟಿಷ್ ಆಡಳಿತದ ಅಧಿಕಾರಿ. ಹಿಂದಿನ ಆಳ್ವಿಕೆಯನ್ನು ಕಪ್ಪಾಗಿ ತೋರಿಸುವುದರಲ್ಲಿ ಆ ಆಡಳಿತಕ್ಕೆ ಲಾಭವಿತ್ತು ಎಂಬ ಎಚ್ಚರ ನಮಗಿರಬೇಕು. ಆದರೆ ಈ ತೆರಿಗೆಗಳು ಸರ್ಕಾರದ ಕಡತಗಳಲ್ಲೇ ಕ್ರಮಬದ್ಧವಾಗಿ ದಾಖಲಾಗಿದ್ದವು, ಸಂಸ್ಥಾನದ ಆದಾಯ ಎಂದೇ ಅವನ್ನು ಬರೆದುಕೊಳ್ಳಲಾಗುತ್ತಿತ್ತು. ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಇಂಥ ಸಣ್ಣಪುಟ್ಟ ತೆರಿಗೆಗಳನ್ನು ಕಿತ್ತುಹಾಕಿದಾಗ ಅವುಗಳ ಸಂಖ್ಯೆ 769 ಆಗಿತ್ತು.

ಇಷ್ಟು ತೆರಿಗೆಗಳು ಒಂದೇ ದಿನದಲ್ಲಿ ಹುಟ್ಟಿದವಲ್ಲ. ಒಬ್ಬ ನಾಯಕ ಹಾಕಿದ್ದನ್ನು ಮುಂದೆ ಬಂದವನು ತೆಗೆಯಲಿಲ್ಲ, ತನ್ನದೊಂದನ್ನು ಸೇರಿಸಿದ. ಏಕೆ ಕೊಡುತ್ತಿದ್ದೇವೆ ಎಂದು ಕೇಳುವ ಜಾಗ ಕೊಡುವವನಿಗೆ ಎಲ್ಲೂ ಇರಲಿಲ್ಲ. ಹೇಳಬೇಕಾದ ಹೊಣೆ ವಸೂಲಿ ಮಾಡುವವನಿಗೂ ಇರಲಿಲ್ಲ. 1830ರ ರೈತರ ದಂಗೆಯಿಂದ ಹಿಡಿದು 1923ರಲ್ಲಿ ಆಯವ್ಯಯದ ಮೇಲೆ ಮತ ಹಾಕುವ ಅಧಿಕಾರ ಸಭೆಗೆ ಸಿಕ್ಕುವವರೆಗಿನ ಮೈಸೂರಿನ ಚರಿತ್ರೆಯನ್ನು ಹಲವು ರೀತಿ ಓದಬಹುದು. ದಿವಾನರ ಸಾಧನೆಗಳ ಚರಿತ್ರೆಯಾಗಿ ಓದುವುದು ನಮಗೆ ಅಭ್ಯಾಸವಾಗಿದೆ. ಬೊಕ್ಕಸದ ಲೆಕ್ಕ ಅರಮನೆ ಮತ್ತು ಕಚೇರಿಗಳಿಂದ ಹೊರಬಂದು, ತೆರಿಗೆ ಕೊಡುವವನ ಎದುರಿಗೆ ನಿಂತ ಚರಿತ್ರೆಯಾಗಿ ಓದಿದರೆ ಅದರ ನಿಜವಾದ ತೂಕ ಗೊತ್ತಾಗುತ್ತದೆ.

ಶರತ್ತಿನ ಅಮಲ್ದಾರರು

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಎರಡು ತಿಂಗಳಲ್ಲಿ ಮೈಸೂರಿನ ಒಡೆತನ ಒಡೆಯರ ಮನೆತನಕ್ಕೆ ಮರಳಿತು. ಆದರೆ ಜುಲೈ 8ರ ಒಪ್ಪಂದದ ಪ್ರಕಾರ ಸಂಸ್ಥಾನ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ, ಎಂದರೆ 24.5 ಲಕ್ಷ ರೂಪಾಯಿ ಕಪ್ಪ ಕೊಡಬೇಕಾಯಿತು. ಮಳೆ ಬರಲಿ ಬಿಡಲಿ, ಬೆಳೆ ಆಗಲಿ ಹೋಗಲಿ, ಈ ಮೊತ್ತ ನಿಲ್ಲುವ ಹಾಗಿರಲಿಲ್ಲ. ಮುಂದಿನ ನೂರು ವರ್ಷಕ್ಕೂ ಹೆಚ್ಚು ಕಾಲ ಮೈಸೂರಿನ ಪ್ರತಿಯೊಂದು ಆಯವ್ಯಯದ ಖರ್ಚಿನ ಕಡೆ ಮೊದಲು ಕೂರುತ್ತಿದ್ದದ್ದು ಇದೇ ಬಾಬು.

ದಿವಾನ್ ಪೂರ್ಣಯ್ಯನವರ ಬಿಗಿ ಹಿಡಿತದಲ್ಲಿ ಈ ಕಪ್ಪ ತಪ್ಪದೆ ಸಂದಾಯವಾಯಿತು. 1811ರಲ್ಲಿ ಅವರು ಅಧಿಕಾರ ಬಿಟ್ಟ ಮೇಲೆ, ಮುಮ್ಮಡಿ ಕೃಷ್ಣರಾಜ ಒಡೆಯರ ಆಡಳಿತದಲ್ಲಿ ಹಣದ ಮುಗ್ಗಟ್ಟು ಮೊದಲಾಯಿತು. ಅದಕ್ಕೆ ಕಂಡುಕೊಂಡ ಉಪಾಯವೇ ಶರತ್ತಿನ ಪದ್ಧತಿ. ನನ್ನ ತಾಲ್ಲೂಕಿನಿಂದ ಇಷ್ಟು ಹಣ ಎತ್ತಿಕೊಡುತ್ತೇನೆ ಎಂದು ಅಮಲ್ದಾರ ಮೊದಲೇ ಕರಾರು ಬರೆದುಕೊಡಬೇಕು. ಕಡಿಮೆ ಬಿದ್ದರೆ ತನ್ನ ಕೈಯಿಂದ ತುಂಬಿಕೊಡಬೇಕು. ಕೈಯಿಂದ ತುಂಬಿಕೊಡುವ ಅಮಲ್ದಾರ ಯಾವ ಕಾಲದಲ್ಲೂ ಇಲ್ಲ. ಶರತ್ತಿನ ಭಾರವೆಲ್ಲ ಶೇಕದಾರ, ಪಟೇಲ, ಶಾನುಭೋಗರ ಮೂಲಕ ಇಳಿದು ಕೊನೆಗೆ ರೈತನ ಹೆಗಲ ಮೇಲೆ ಬಂದು ಕೂತಿತು. ಫಸಲು ಕೈಗೆ ಬರುವ ಮೊದಲೇ ಕಂದಾಯ ಕಟ್ಟು ಎಂಬ ಒತ್ತಾಯದಿಂದ ಸಾಲ, ಸಾಲದಿಂದ ಹೊಲ ಬಿಟ್ಟುಹೋಗುವ ಸ್ಥಿತಿ. ಹೆಚ್ಚು ಎತ್ತಿಕೊಡುತ್ತೇನೆಂದು ಮುಂದೆ ಬಂದವನಿಗೆ ತಾಲ್ಲೂಕು ಸಿಕ್ಕುತ್ತಿದ್ದುದರಿಂದ, ರೈತನ ಮಾತು ಕೇಳುವ ಅಧಿಕಾರಿಗೆ ಆ ವ್ಯವಸ್ಥೆಯಲ್ಲಿ ಉಳಿಗಾಲವೇ ಇರಲಿಲ್ಲ.

1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿದರು. ಬಸವಾಪಟ್ಟಣದ ಕಡೆಯಿಂದ ಶುರುವಾದ ಕೂಟಗಳು ಮಲೆನಾಡಿಗೂ ಅದರಾಚೆಗೂ ಹಬ್ಬಿದವು. ಊರೂರಿಗೆ ಓಲೆ ಹೋಯಿತು. ಕಂದಾಯ ಕಟ್ಟಬೇಡಿ ಎಂಬ ಮಾತು ಹರಡಿತು. ಕೆಳದಿ ಅರಸರ ಗಾದಿಗೆ ತಾನು ಹಕ್ಕುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪ, ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕ ಇವರೆಲ್ಲ ಸೇರಿಕೊಂಡು ಅದು ದಂಗೆಯ ರೂಪ ತಾಳಿತು. ಮೊದಲು ಮೈಸೂರಿನ ಪಡೆ, ಆಮೇಲೆ ಕಂಪನಿಯ ಪಡೆ ಬಂದು ಅದನ್ನು ಅಡಗಿಸಿದವು. ಸತ್ತವರಲ್ಲಿ ಹೆಚ್ಚಿನವರು ತಮ್ಮ ಹೊಲದ ಕಂದಾಯ ಏಕೆ ಏರಿತು ಎಂದು ಕೇಳಲು ಹೊರಟ ಸಾಮಾನ್ಯ ರೈತರು. ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಮಹಾರಾಜರಿಂದ ಆಡಳಿತವನ್ನು ಕಿತ್ತುಕೊಂಡ. ಒಪ್ಪಂದದ ಕಪ್ಪಕ್ಕೆ ಧಕ್ಕೆ ಬರಬಹುದೆಂಬ ಆತಂಕವೂ ಆ ತೀರ್ಮಾನದ ಹಿಂದೆ ಇತ್ತು. ಐವತ್ತು ವರ್ಷ ಮೈಸೂರನ್ನು ಬ್ರಿಟಿಷ್ ಕಮಿಷನರುಗಳು ಆಳಿದರು. ತೆರಿಗೆಯ ವಿಷಯದಲ್ಲಿ ಜನರ ಮಾತು ಕೇಳುವ ದಾರಿ ಇಲ್ಲದ್ದರಿಂದ ಒಂದು ಅರಸೊತ್ತಿಗೆ ತನ್ನ ರಾಜ್ಯವನ್ನೇ ಕಳೆದುಕೊಂಡಿತು. ಮುಂದಿನ ದಿವಾನರು ಮರೆಯದೆ ಇದ್ದ ಪಾಠ ಇದು.

ತೆರಿಗೆ ಇಳಿಯಿತು, ಮೌನ ಉಳಿಯಿತು

1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರ್. ಶರತ್ತಿನ ಪದ್ಧತಿಯನ್ನು ಎತ್ತಿಹಾಕಿ, 769 ಕಿರುಕುಳದ ತೆರಿಗೆಗಳನ್ನು ತೆಗೆದು, ಫಸಲು ಮಾರಿದ ಮೇಲೆ ಕಂತುಗಳಲ್ಲಿ ಕಂದಾಯ ಕಟ್ಟುವ ಅನುಕೂಲ ಮಾಡಿಕೊಟ್ಟದ್ದು ಅವನ ದೊಡ್ಡ ಕೆಲಸ. ರಸ್ತೆಗಳಾದವು. ತೆರಿಗೆಗಳ ಸಂಖ್ಯೆ ಇಳಿದರೂ ಬೊಕ್ಕಸ ಬರಿದಾಗಲಿಲ್ಲ. ಸರಕು ಸಾಗಣೆ, ಕಾಫಿ ಬೆಳೆ, ವ್ಯಾಪಾರ ಬೆಳೆದದ್ದರಿಂದ ಹುಟ್ಟುವಳಿ ಏರುತ್ತಲೇ ಹೋಯಿತು. ಕಬ್ಬನ್ ನಂತರ ಬಂದ ಬೌರಿಂಗ್ ಕಾಲದಲ್ಲಿ, 1863ರಿಂದ, ಹೊಲಹೊಲವನ್ನೂ ಅಳೆದು ಮಣ್ಣಿನ ಗುಣ ನೋಡಿ ಕಂದಾಯ ಗೊತ್ತುಮಾಡುವ ಸರ್ವೆ ಆರಂಭವಾಯಿತು. ಅಮಲ್ದಾರನ ಮರ್ಜಿಯ ಜಾಗದಲ್ಲಿ ಸರ್ವೆ ನಂಬರು ಬಂದು ಕೂತದ್ದು ರೈತನ ಪಾಲಿಗೆ ಸಣ್ಣ ಸಂಗತಿಯೇನಲ್ಲ.

ಆದರೂ ಒಂದು ವಿಷಯ ಬದಲಾಗಲಿಲ್ಲ. ವರ್ಷಕ್ಕೊಮ್ಮೆ ಜಮಾಬಂದಿಗೆ ಅಧಿಕಾರಿ ಊರ ಕಡೆ ಬರುವನು. ಶಾನುಭೋಗ ಲೆಕ್ಕದ ಪುಸ್ತಕ ಬಿಚ್ಚಿ ಓದುವನು. ಯಾವ ಹೊಲ ಯಾರ ಹೆಸರಿನಲ್ಲಿದೆ, ಎಷ್ಟು ಬಾಕಿ, ಯಾವ ಕೆರೆ ತುಂಬಿತು, ಯಾವುದು ಒಡೆಯಿತು ಎಂಬುದೆಲ್ಲ ಅಲ್ಲಿ ಇತ್ಯರ್ಥವಾಗುತ್ತಿತ್ತು. ರೈತ ತನ್ನ ಲೆಕ್ಕ ಒಪ್ಪಿಸಲು ನಿಲ್ಲುತ್ತಿದ್ದ. ಹಾಗೆ ಕೂಡಿದ ಹಣ ಬೆಂಗಳೂರಿಗೆ ಹೋಗಿ ಏನಾಯಿತು, ಅದರಲ್ಲಿ ಎಷ್ಟು ಕಪ್ಪಕ್ಕೆ, ಎಷ್ಟು ಸಂಬಳಕ್ಕೆ, ಎಷ್ಟು ಕೆರೆಕಟ್ಟೆಗೆ ಎಂದು ಅಧಿಕಾರಿ ಅವನಿಗೆ ಒಪ್ಪಿಸಬೇಕಾದ ಲೆಕ್ಕ ಯಾವುದೂ ಇರಲಿಲ್ಲ. ಆಡಳಿತ ದಕ್ಷವಾಯಿತು. ದೊರೆತನ ಹಾಗೆಯೇ ಉಳಿಯಿತು.

ಧಾತು ಈಶ್ವರದ ಬರ

ದಕ್ಷತೆಯೊಂದೇ ಸಾಲದು ಎಂಬುದನ್ನು 1876ರಿಂದ 1878ರವರೆಗಿನ ಬರ ತೋರಿಸಿಕೊಟ್ಟಿತು. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದ ಆ ಬರವನ್ನು ಹಳ್ಳಿಗಳಲ್ಲಿ ಧಾತು ಈಶ್ವರದ ಬರ ಎಂದೇ ತಲೆಮಾರುಗಳು ನೆನಪಿಟ್ಟುಕೊಂಡವು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50,55,412. ಹತ್ತು ವರ್ಷದ ನಂತರ ಎಣಿಸಿದಾಗ ಉಳಿದವರು 41,86,188. ಬೆಳೆಯಬೇಕಾದ ಜನಸಂಖ್ಯೆಯಲ್ಲಿ ಎಂಟೂವರೆ ಲಕ್ಷಕ್ಕೂ ಮಿಕ್ಕಿ ಜನ ಕಾಣೆಯಾಗಿದ್ದರು.

ಕಮಿಷನರುಗಳ ಆಡಳಿತ ಕೂಡಿಟ್ಟಿದ್ದ 63 ಲಕ್ಷ ರೂಪಾಯಿ ಕರಗಿಹೋಯಿತು; ಸಾಲದ್ದಕ್ಕೆ ಭಾರತ ಸರ್ಕಾರದಿಂದ ತಂದ ಸಾಲ 80 ಲಕ್ಷ ಮುಟ್ಟಿತು. ಇಡೀ ಸಂಸ್ಥಾನದ ವಾರ್ಷಿಕ ಹುಟ್ಟುವಳಿಯೇ ಸುಮಾರು ಒಂದು ಕೋಟಿ ಇದ್ದ ಕಾಲ ಅದು. ದೂರದ ಬಂದರಿನಲ್ಲಿ ಧಾನ್ಯ ಇಳಿದರೂ ಅದನ್ನು ಒಳನಾಡಿಗೆ ತರುವ ದಾರಿಯಿರಲಿಲ್ಲ. ಮದ್ರಾಸಿನಿಂದ ಬಂದ ರೈಲು ಬೆಂಗಳೂರಿಗೇ ನಿಲ್ಲುತ್ತಿತ್ತು, ಅಲ್ಲಿಂದಾಚೆ ಎಳೆಯಬೇಕಾದ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣುಕೆಲಸವನ್ನು ಬರಪರಿಹಾರವಾಗಿಯೇ ಕೈಗೆತ್ತಿಕೊಂಡದ್ದಕ್ಕೆ ಈ ಅನುಭವವೇ ಮೂಲ. ಆ ಕಾಲದ ಲೆಕ್ಕವನ್ನು ಓದುವಾಗ ಮನಸ್ಸಿಗೆ ನೋವಾಗುವುದು ಇದಕ್ಕೇ: ಉಳಿತಾಯವಿತ್ತು, ಆಡಳಿತದಲ್ಲಿ ಶಿಸ್ತಿತ್ತು. ಆದರೆ ಆ ಉಳಿತಾಯ ಬರ ಬೀಳುವ ಮೊದಲೇ ಕೆರೆಯಾಗಿ, ಕಾಲುವೆಯಾಗಿ, ರೈಲುಹಳಿಯಾಗಿ ಬದಲಾಗಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು. ಹಾಗೆ ಮಾಡಿ ಎಂದು ಒತ್ತಾಯಿಸಬಲ್ಲ ಸಭೆಯೊಂದು ಆಗ ಇರಲಿಲ್ಲ.

1881ರ ದಸರಾ

1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು. ಜೊತೆಗೆ ಸಾಲವೂ ಬಂತು. ಹಸ್ತಾಂತರದ ಪತ್ರದಲ್ಲಿ ಇನ್ನೊಂದು ಹೊರೆಯನ್ನೂ ಸೇರಿಸಲಾಗಿತ್ತು: ವಾರ್ಷಿಕ ಕಪ್ಪ 24.5 ಲಕ್ಷದಿಂದ 35 ಲಕ್ಷಕ್ಕೆ ಏರಿತು. ಆಗಿನ ಹುಟ್ಟುವಳಿಯಲ್ಲಿ ಅದು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು. ಬರದಿಂದ ಬಸವಳಿದ ರಾಜ್ಯ ಎಂಬ ಕಾರಣಕ್ಕೆ ಹೆಚ್ಚುವರಿ 10.5 ಲಕ್ಷವನ್ನು ಐದು ವರ್ಷ ಮುಂದೂಡಿದರು. ಆಮೇಲೆ ಮತ್ತೆ ಹತ್ತು ವರ್ಷ. 1896ರಿಂದ ಪೂರ್ತಿ ಮೊತ್ತ ಕಟ್ಟಲೇಬೇಕಾಯಿತು.

ದಿವಾನರಾದವರು ಸಿ. ರಂಗಾಚಾರ್ಲು. ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಹುಟ್ಟಿ, ಮದ್ರಾಸು ಸರ್ಕಾರದ ಕೆಲಸದಲ್ಲಿ ನುರಿತು, 1868ರಲ್ಲಿ ಅರಮನೆಯ ಲೆಕ್ಕಪತ್ರಗಳನ್ನು ನೇರ್ಪಡಿಸಲು ಮೈಸೂರಿಗೆ ಬಂದವರು. ದೊಡ್ಡ ಸಂಬಳದ ಯುರೋಪಿಯನ್ ಅಧಿಕಾರಿಗಳ ದಂಡನ್ನು ಸಂಸ್ಥಾನದ ಖರ್ಚಿನಲ್ಲಿ ಸಾಕುವುದನ್ನು ಟೀಕಿಸಿ 1874ರಲ್ಲಿ ಲಂಡನ್ನಿನಲ್ಲಿ ಕಿರುಹೊತ್ತಗೆ ಪ್ರಕಟಿಸಿದವರು. ಅಧಿಕಾರ ಕೈಗೆ ಬಂದಾಗ ಅವರು ಬೇರೆಯವರಿಗೆ ಹೇಳಿದ ಬುದ್ಧಿಯನ್ನು ತಾವೇ ಪಾಲಿಸಿದರು. ಹಾಸನ ಮತ್ತು ಚಿತ್ರದುರ್ಗ ಜಿಲ್ಲೆಗಳನ್ನು ರದ್ದುಮಾಡಿ ಎಂಟು ಜಿಲ್ಲೆಗಳನ್ನು ಆರಕ್ಕೆ ಇಳಿಸಿದರು, ಕಚೇರಿಗಳನ್ನು ಕೂಡಿಸಿದರು, ಹುದ್ದೆಗಳನ್ನು ತೆಗೆದರು. ಈ ಕಡಿತಗಳು ಎಲ್ಲರಿಗೂ ಹಿಡಿಸಲಿಲ್ಲ. ತೆಗೆದ ಎರಡು ಜಿಲ್ಲೆಗಳನ್ನು 1886ರಲ್ಲಿ ಮತ್ತೆ ಸ್ಥಾಪಿಸಬೇಕಾಯಿತು. ಇಷ್ಟು ಇಕ್ಕಟ್ಟಿನಲ್ಲೂ ಅವರು ರೈಲಿನ ಕೆಲಸ ನಿಲ್ಲಿಸಲಿಲ್ಲ. 1882ರಲ್ಲಿ ರೈಲು ಮೈಸೂರು ಮುಟ್ಟಿತು.

ಅವರನ್ನು ಚರಿತ್ರೆಯಲ್ಲಿ ನಿಲ್ಲಿಸಿದ್ದು ಇನ್ನೊಂದು ಕೆಲಸ. 1881ರ ಆಗಸ್ಟ್ 25ರ ಆಜ್ಞೆಯ ಮೂಲಕ ಪ್ರಜಾಪ್ರತಿನಿಧಿ ಸಭೆ ರೂಪುಗೊಂಡಿತು. ಅಕ್ಟೋಬರ್ 7ರಂದು, ದಸರಾ ಸಮಯದಲ್ಲಿ, ತಾಲ್ಲೂಕು ತಾಲ್ಲೂಕುಗಳಿಂದ ಬಂದ ರೈತರು ಮತ್ತು ವರ್ತಕರು ಸೇರಿ 144 ಸದಸ್ಯರು ಮೈಸೂರಿನಲ್ಲಿ ಕೂಡಿದರು. ದಸರಾ ಸಮಯವನ್ನು ಆರಿಸಿಕೊಂಡದ್ದರಲ್ಲಿ ವಿವೇಕವಿತ್ತು. ನಾಡಿನ ಮೂಲೆಮೂಲೆಯ ಜನ ಹೇಗೂ ಆ ದಿನಗಳಲ್ಲಿ ಮೈಸೂರಿಗೆ ಬರುತ್ತಿದ್ದರು. ದಿವಾನರು ಎದ್ದುನಿಂತು ಹಿಂದಿನ ವರ್ಷದ ಆದಾಯವೆಷ್ಟು, ಖರ್ಚೆಷ್ಟು, ಸಾಲವೆಷ್ಟು, ಬರುವ ವರ್ಷ ಸರ್ಕಾರ ಏನು ಮಾಡಬೇಕೆಂದಿದೆ ಎಂಬುದನ್ನು ಅವರ ಮುಂದೆ ಇಟ್ಟರು. ಕಂದಾಯ ಕಟ್ಟುವವನು ಕುಳಿತಿದ್ದ, ವಸೂಲಿ ಮಾಡುವವನು ಎದ್ದುನಿಂತು ಲೆಕ್ಕ ಒಪ್ಪಿಸುತ್ತಿದ್ದ. ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದ ಯಾವ ಪ್ರಾಂತ್ಯದಲ್ಲೂ ಆಗ ಇಂಥ ಸಭೆ ಇರಲಿಲ್ಲ. ಕಾಂಗ್ರೆಸ್ ಹುಟ್ಟುವುದಕ್ಕೆ ಇನ್ನೂ ನಾಲ್ಕು ವರ್ಷವಿತ್ತು.

ಆ ಸಭೆಯ ಮಿತಿಗಳನ್ನು ಮುಚ್ಚಿಡಬೇಕಾಗಿಲ್ಲ. ಸದಸ್ಯರನ್ನು ಆರಿಸಿದ್ದು ಸ್ಥಳೀಯ ನಿಧಿ ಮಂಡಳಿಗಳು; ಬಂದವರು ಉಳ್ಳವರು. ಜಮೀನಿಲ್ಲದವರಿಗೆ, ಹೆಂಗಸರಿಗೆ ಅಲ್ಲಿ ಜಾಗವಿರಲಿಲ್ಲ. ಅವರು ಅಹವಾಲು ಹೇಳಬಹುದಿತ್ತು, ದಿವಾನರು ಒಪ್ಪಲೇಬೇಕೆಂಬ ಕಟ್ಟುಪಾಡಿರಲಿಲ್ಲ. ಆದರೂ ಕಾಡಿನ ಕಟ್ಟುಪಾಡುಗಳು, ದನ ಮೇಯಿಸುವ ತೊಂದರೆ, ಕೆರೆ ದುರಸ್ತಿ, ಕಂದಾಯದ ದರ ಇವೆಲ್ಲ ವರ್ಷ ವರ್ಷವೂ ಅಲ್ಲಿ ದಾಖಲಾದವು. ಒಮ್ಮೆ ಲೆಕ್ಕ ಓದಿದ ಮೇಲೆ ಮರುವರ್ಷ ಓದದೆ ಇರಲು ಆಗಲಿಲ್ಲ. 1882ರ ಅಧಿವೇಶನದಲ್ಲಿ ರಂಗಾಚಾರ್ಲು, ಬೇಸಾಯದ ಜೊತೆಗೆ ಕೈಗಾರಿಕೆಯೂ ಸಮನಾಗಿ ಬೆಳೆಯದ ನಾಡು ಏಳಿಗೆ ಕಾಣದು ಎಂಬ ಮಾತನ್ನು ಎತ್ತಿದರು. ಮುಂದಿನ ನಲವತ್ತು ವರ್ಷಗಳ ಮೈಸೂರಿನ ಆರ್ಥಿಕ ನೀತಿ ಆ ಮಾತಿನ ಹಿಂದೆಯೇ ನಡೆಯಿತು. 1883ರ ಜನವರಿಯಲ್ಲಿ ಅವರು ತೀರಿಕೊಂಡಾಗ ದಿವಾನಗಿರಿಗೆ ಎರಡು ವರ್ಷವೂ ತುಂಬಿರಲಿಲ್ಲ. ಮೈಸೂರಿನ ಪುರಭವನ ಇಂದಿಗೂ ಅವರ ಹೆಸರು ಹೊತ್ತು ನಿಂತಿದೆ.

ಚಿನ್ನ, ನೀರು, ವಿದ್ಯುತ್ತು

ನಂತರದ ಹದಿನೆಂಟು ವರ್ಷ ಕೆ. ಶೇಷಾದ್ರಿ ಅಯ್ಯರ್ ದಿವಾನರು. ಲಂಡನ್ನಿನಲ್ಲಿ ಎತ್ತಿದ ಸುಮಾರು 12 ಲಕ್ಷ ಪೌಂಡ್ ಸಾಲದಿಂದ ರೈಲು ಹರಿಹರದವರೆಗೆ ಹೋಯಿತು. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆ ಅಣೆಕಟ್ಟು ಶುರುವಾಯಿತು. ಸರ್ಕಾರಿ ನೌಕರರಿಗೆ 1891ರಲ್ಲಿ ಜೀವವಿಮೆ ಬಂತು. ಇಂದು ಕರ್ನಾಟಕದ ಪ್ರತಿಯೊಬ್ಬ ಸರ್ಕಾರಿ ನೌಕರನ ಸಂಬಳದ ಚೀಟಿಯಲ್ಲಿ ಕಾಣುವ ಕೆಜಿಐಡಿ ಕಡಿತದ ಮೂಲ ಅಲ್ಲಿದೆ.

ಅದೃಷ್ಟವೂ ಕೈಹಿಡಿಯಿತು. ಕೋಲಾರದ ನೆಲದಲ್ಲಿ ಮೈಕೇಲ್ ಲಾವೆಲ್ ಎಂಬಾತ 1870ರ ದಶಕದಲ್ಲಿ ಪರವಾನಗಿ ಪಡೆದು ಮೊದಲುಮಾಡಿದ ಹುಡುಕಾಟ, ಜಾನ್ ಟೇಲರ್ ಕಂಪನಿಯ ಕೈಗೆ ಬಂದು 1880ರ ದಶಕದ ನಡುವೆ ಸಮೃದ್ಧವಾದ ಚಿನ್ನದ ಪದರವನ್ನು ಮುಟ್ಟಿತು. ತೆಗೆದ ಚಿನ್ನದ ಮೇಲೆ ಶೇಕಡಾ 5ರ ರಾಜಧನ ಬೊಕ್ಕಸಕ್ಕೆ ಬರತೊಡಗಿತು. ರೈತನ ಕಂದಾಯವನ್ನೇ ನೆಚ್ಚಿದ್ದ ಸಂಸ್ಥಾನಕ್ಕೆ ಮಳೆಯ ಹಂಗಿಲ್ಲದ ವರಮಾನ ಸಿಕ್ಕಿದ್ದು ಅದೇ ಮೊದಲು. ಚಿನ್ನ ಅಗೆದವರು ಹೆಚ್ಚಾಗಿ ತಮಿಳು, ತೆಲುಗು ಸೀಮೆಗಳಿಂದ ಬಂದ ಬಡ ಕೂಲಿಗಳು. ಲಾಭದ ಬಹುಪಾಲು ಲಂಡನ್ನಿನ ಷೇರುದಾರರಿಗೆ ಹೋಯಿತು. ಈ ಮಾತನ್ನು ಸೇರಿಸದೆ ಆ ವರಮಾನದ ಬಗ್ಗೆ ಹೆಮ್ಮೆಪಡಲು ಬಾರದು.

ಆ ಗಣಿಗಳಿಗೆ ವಿದ್ಯುತ್ ಮಾರುವ ಯೋಚನೆ ಶೇಷಾದ್ರಿ ಅಯ್ಯರ್ ಕಾಲದ ದೊಡ್ಡ ಸಾಹಸ. ಶಿವನಸಮುದ್ರದಲ್ಲಿ ಕಾವೇರಿಯ ಬೀಳಿನಿಂದ ವಿದ್ಯುತ್ ಮಾಡಿ, 92 ಮೈಲಿ ದೂರದ ಕೋಲಾರಕ್ಕೆ ತಂತಿಯಲ್ಲಿ ಒಯ್ಯುವುದು. ಯೋಜನೆ ಹಾಕಿದವರು ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್. 1902ರ ಜೂನ್‌ನಲ್ಲಿ ಗಣಿಗಳಿಗೆ ವಿದ್ಯುತ್ ತಲುಪಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಬದುಕಿರಲಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿತು. ತೆರಿಗೆಯ ಹಣ ಹೂಡಿಕೆಯಾಗಿ, ಹೂಡಿಕೆ ಮತ್ತೆ ವರಮಾನ ತರುವ ವಿದ್ಯೆಯನ್ನು ಸರ್ಕಾರ ಇಲ್ಲಿ ಕಲಿಯಿತು.

ಸಭೆಯೂ ಬೆಳೆಯುತ್ತಿತ್ತು. 1891ರಿಂದ ಸದಸ್ಯರ ಚುನಾವಣೆ ನಡೆಯತೊಡಗಿತು. ಇಷ್ಟು ಕಂದಾಯ ಕಟ್ಟುವವರಿಗೆ ಮಾತ್ರ ಮತ ಎಂಬ ಕಟ್ಟಳೆ ಇದ್ದರೂ ಸರ್ಕಾರ ನೇಮಿಸದ ದನಿಗಳು ಒಳಗೆ ಬಂದವು. ಜನ ಪ್ರೀತಿಯಿಂದ ತಾತಯ್ಯ ಎಂದು ಕರೆದ ಎಂ. ವೆಂಕಟಕೃಷ್ಣಯ್ಯನವರಂಥ ಪತ್ರಕರ್ತರು ಸಭೆಯಲ್ಲೂ ಪತ್ರಿಕೆಯಲ್ಲೂ ದಿವಾನರನ್ನು ಪ್ರಶ್ನಿಸಿದರು. 1908ರ ಪತ್ರಿಕಾ ಕಾನೂನು ಆ ಬಾಯಿಯನ್ನು ಕಟ್ಟಲು ಬಂದಾಗ ತಾತಯ್ಯ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿ ಪ್ರತಿಭಟಿಸಿದರು. ಲೆಕ್ಕ ಕೇಳುವ ಹಕ್ಕು ಮೇಲಿನಿಂದ ಇಳಿದುಬಂದ ಪ್ರಸಾದ ಎಂದು ತಿಳಿದರೆ ಇಂಥವರಿಗೆ ಅನ್ಯಾಯ ಮಾಡಿದಂತೆ.

ಕನ್ನಂಬಾಡಿ ಮತ್ತು ಗಂಧದೆಣ್ಣೆ

1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸಂಪದಭ್ಯುದಯ ಸಮಾಜವನ್ನು ಉದ್ಘಾಟಿಸಿದರು. ಅದರ ಬೆನ್ನೆಲುಬು ಆಗ ಚೀಫ್ ಎಂಜಿನಿಯರ್ ಆಗಿದ್ದ ಎಂ. ವಿಶ್ವೇಶ್ವರಯ್ಯ. ಬೇಸಾಯ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯಕ್ಕೆ ಒಂದೊಂದು ಸಮಿತಿ. ಅಧಿಕಾರಿಗಳ ಜೊತೆ ವ್ಯಾಪಾರಿಗಳು, ಬೆಳೆಗಾರರು, ವಿದ್ಯಾವಂತರು ಸೇರಿ ಯೋಜನೆಗಳನ್ನು ಚರ್ಚಿಸುವ ಏರ್ಪಾಟು. ಮೈಸೂರು ಬ್ಯಾಂಕ್ (1913), ಕನ್ನಡ ಸಾಹಿತ್ಯ ಪರಿಷತ್ತು (1915), ಮೈಸೂರು ವಿಶ್ವವಿದ್ಯಾನಿಲಯ (1916) ಇವೆಲ್ಲವುಗಳ ಹಿಂದೆ ಆ ಚರ್ಚೆಗಳ ಒತ್ತಾಸೆಯಿದೆ.

ಕಾವೇರಿಗೆ ಅಡ್ಡಲಾಗಿ ಕಟ್ಟಬೇಕಿದ್ದ ಕನ್ನಂಬಾಡಿ ಅಣೆಕಟ್ಟೆಯ ಅಂದಾಜು 253 ಲಕ್ಷ ರೂಪಾಯಿ. ಅದು ಸಂಸ್ಥಾನದ ಒಂದು ವರ್ಷದ ಇಡೀ ಹುಟ್ಟುವಳಿಗೆ ಹತ್ತಿರಹತ್ತಿರದ ಮೊತ್ತ. ಹಣಕಾಸಿನವರು ಹಿಂಜರಿದದ್ದರಲ್ಲಿ ಆಶ್ಚರ್ಯವಿಲ್ಲ. ಗಣಿಗಳಿಗೆ ಬೇಸಿಗೆಯಲ್ಲೂ ನಿಲ್ಲದೆ ವಿದ್ಯುತ್ ಕೊಡಬೇಕಾದರೆ ಕಾವೇರಿಯ ನೀರು ಹಿಡಿದಿಡಲೇಬೇಕು, ವಿದ್ಯುತ್ತಿನ ವರಮಾನವೇ ಸಾಲದ ಬಡ್ಡಿಯನ್ನು ಹೊರುತ್ತದೆ, ನೀರಾವರಿ ಮಂಡ್ಯದ ಕಡೆಯ ಒಣಭೂಮಿಯನ್ನು ಹಸುರಾಗಿಸುತ್ತದೆ ಎಂದು ವಿಶ್ವೇಶ್ವರಯ್ಯ ಅಂಕಿಅಂಶ ಇಟ್ಟು ವಾದಿಸಿದರು. 1911ರಲ್ಲಿ ಮೊದಲ ಹಂತಕ್ಕೆ 81 ಲಕ್ಷದ ಮಂಜೂರಾತಿ ಸಿಕ್ಕಿತು. ಅವರ ಲೆಕ್ಕ ಸರಿಯಾಗಿತ್ತೆಂದು ಮಂಡ್ಯದ ಗದ್ದೆಗಳು ಸಾಕ್ಷಿ ಹೇಳುತ್ತವೆ. ಆ ಲೆಕ್ಕದಲ್ಲಿ ಇನ್ನೊಂದು ಕಡೆಯೂ ಇದೆ: ಕನ್ನಂಬಾಡಿ ಊರು ಮತ್ತು ಸುತ್ತಿನ ಹಲವು ಹಳ್ಳಿಗಳು ನೀರಿನಡಿ ಹೋದವು. ನೆಲ ಬಿಟ್ಟುಕೊಟ್ಟವರ ತ್ಯಾಗವೂ ಆ ಯೋಜನೆಯ ಬಂಡವಾಳವೇ.

ಗಂಧದ ಕಥೆ ಸಣ್ಣದು, ಆದರೆ ಆ ಕಾಲದ ಆರ್ಥಿಕ ಬುದ್ಧಿಯನ್ನು ಅದಕ್ಕಿಂತ ಚೆನ್ನಾಗಿ ತೋರಿಸುವುದು ಬೇರೊಂದಿಲ್ಲ. ಆಗ ಗಂಧದ ಮರ ಯಾರ ಹೊಲದಲ್ಲಿ ಬೆಳೆದರೂ ಸರ್ಕಾರದ್ದಾಗಿತ್ತು. ಕಡಿದ ಮರವನ್ನು ಕೋಠಿಗಳಲ್ಲಿ ಹರಾಜು ಹಾಕುವುದು, ವರ್ತಕರು ಕೊಂಡು ಸಾಗಿಸುವುದು, ಹೆಚ್ಚಿನ ಪಾಲು ಜರ್ಮನಿಯಲ್ಲಿ ಎಣ್ಣೆಯಾಗುವುದು ವಾಡಿಕೆ. 1914ರಲ್ಲಿ ಯುದ್ಧ ಬಂದು ಆ ಮಾರುಕಟ್ಟೆ ಮುಚ್ಚಿತು. ಗಂಧ ಕೋಠಿಯಲ್ಲೇ ಉಳಿಯಿತು. ಸರ್ಕಾರ ಕೈಗಾರಿಕಾ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್ ಅವರನ್ನು ಮುಂದೆ ಬಿಟ್ಟಿತು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಇಳಿಸುವ ವಿಧಾನ ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಎದ್ದಿತು. ಹಿಂದೆಯೇ ಬಂದ ಸಾಬೂನು ಇವತ್ತಿಗೂ ನಮ್ಮ ಬಚ್ಚಲುಮನೆಯಲ್ಲಿದೆ. ಯಾವ ಹೊಸ ತೆರಿಗೆಯೂ ಇಲ್ಲದೆ, ಇದ್ದ ಸೊತ್ತಿಗೆ ಕೆಲಸ ಸೇರಿಸಿ ವರಮಾನ ಹೆಚ್ಚಿಸಿದ ಜಾಣತನ ಇದು.

ಆದರೆ ಏಳಿಗೆಯ ಪಾಲು ಯಾರಿಗೆ ಎಂಬ ಪ್ರಶ್ನೆ ಏಳದೆ ಇರುವುದು ಸಾಧ್ಯವಿರಲಿಲ್ಲ. ಕಂದಾಯ ಕಟ್ಟುವವರಲ್ಲಿ ಬಹುಸಂಖ್ಯಾತರಾದ ಸಮುದಾಯಗಳು ಸರ್ಕಾರಿ ಹುದ್ದೆಗಳಲ್ಲಿ, ಕಾಲೇಜುಗಳಲ್ಲಿ ಕಾಣುತ್ತಲೇ ಇರಲಿಲ್ಲ. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿತು. ಅದನ್ನು ಪರಿಶೀಲಿಸಲು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಅಷ್ಟರಲ್ಲಿ ದಿವಾನರಾಗಿದ್ದ, ಈ ವಿಷಯದಲ್ಲಿ ಭಿನ್ನಾಭಿಪ್ರಾಯ ಹೊಂದಿದ್ದ ವಿಶ್ವೇಶ್ವರಯ್ಯ ಆ ಹುದ್ದೆ ಬಿಟ್ಟರು. ಸಂಪತ್ತು ಹುಟ್ಟಿಸುವ ಲೆಕ್ಕದಲ್ಲಿ ಅವರು ಸರಿ. ಆ ಸಂಪತ್ತನ್ನು ಹಂಚುವ ಲೆಕ್ಕವನ್ನು ಎತ್ತಿದವರೂ ಸರಿ. ಮೈಸೂರಿನ ಹೆಗ್ಗಳಿಕೆ ಎಂದರೆ ಈ ಎರಡೂ ಲೆಕ್ಕಗಳು ಬಹಿರಂಗವಾಗಿ ಎದುರುಬದುರಾದದ್ದು.

ಮತ ಹಾಕುವ ಅಧಿಕಾರ

ಮೈಸೂರಿನ ಸರ್ಕಾರಿ ವರ್ಷ ಆಗ ಜುಲೈ 1ರಿಂದ ಶುರುವಾಗುತ್ತಿತ್ತು. 1917ರಿಂದ ಪ್ರಜಾಪ್ರತಿನಿಧಿ ಸಭೆ ದಸರಾ ಅಧಿವೇಶನದ ಜೊತೆಗೆ ಜೂನ್‌ನಲ್ಲಿ, ಮಹಾರಾಜರ ಹುಟ್ಟುಹಬ್ಬದ ಸಮಯದಲ್ಲೂ ಸೇರಿ ಮುಂದಿನ ವರ್ಷದ ಆಯವ್ಯಯ ನೋಡತೊಡಗಿತು. ಬ್ರಜೇಂದ್ರನಾಥ ಸೀಲ್ ಅಧ್ಯಕ್ಷತೆಯ ಸಮಿತಿಯ ವರದಿಯ ನಂತರ 1923ರ ಸುಧಾರಣೆಗಳು ಬಂದವು. ಹೊಸ ತೆರಿಗೆ ಹಾಕುವ ಮೊದಲು ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯ ಕೇಳಬೇಕಾಯಿತು. ಇಲಾಖೆಗಳ ಅನುದಾನದ ಮೇಲೆ ಮತ ಹಾಕುವ ಅಧಿಕಾರ, ಕಾನೂನು ರೂಪಿಸಲು ಬೇರೆಯಾಗಿದ್ದ ನ್ಯಾಯವಿಧಾಯಕ ಸಭೆಗೆ ಸಿಕ್ಕಿತು. ಸ್ತ್ರೀಯರ ಮೇಲಿದ್ದ ನಿರ್ಬಂಧ ತೆಗೆಯಲಾಯಿತು. ಅರಮನೆಯ ವೆಚ್ಚ, ಬ್ರಿಟಿಷರಿಗೆ ಕೊಡುವ ಕಪ್ಪ ಮೊದಲಾದವನ್ನು ಮತದಿಂದ ಹೊರಗಿಟ್ಟಿದ್ದರು. ತಿರಸ್ಕರಿಸಿದ ಅನುದಾನವನ್ನು ಸರ್ಕಾರ ಮತ್ತೆ ಸೇರಿಸಬಹುದಿತ್ತು. ಅರ್ಧ ಹಕ್ಕು, ನಿಜ. ಆದರೆ ತೊಂಬತ್ತು ವರ್ಷ ಹಿಂದೆ ನಗರ ಸೀಮೆಯ ರೈತ ಇದೇ ಪ್ರಶ್ನೆ ಕೇಳಿ ಗುಂಡಿಗೆ ಎದೆಯೊಡ್ಡಿದ್ದನ್ನು ನೆನೆದರೆ ಅರ್ಧ ಹಕ್ಕಿನ ಬೆಲೆ ತಿಳಿಯುತ್ತದೆ. 1881ರಲ್ಲಿ ಏರಿಸಿದ್ದ 10.5 ಲಕ್ಷದ ಕಪ್ಪವನ್ನು ಬ್ರಿಟಿಷ್ ಸರ್ಕಾರ ಕೈಬಿಟ್ಟದ್ದು 1927ರ ನಂತರ.

ಉಳಿದರ್ಧ ಹಕ್ಕಿಗಾಗಿ ಶಿವಪುರ, ವಿದುರಾಶ್ವತ್ಥ, ಮೈಸೂರು ಚಲೋ ಚಳವಳಿಗಳು ಬೇಕಾದವು. 1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂತು. 1949ರಲ್ಲಿ ಪ್ರಜಾಪ್ರತಿನಿಧಿ ಸಭೆ ವಿಸರ್ಜನೆಯಾಯಿತು. ಈಗ ಬೊಕ್ಕಸದ ಪ್ರತಿ ರೂಪಾಯಿಗೂ ಶಾಸನಸಭೆಯ ಒಪ್ಪಿಗೆ ಬೇಕು. ಸರ್ಕಾರದ ಸಾಲಕ್ಕೆ ಮಿತಿ ಹಾಕುವ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲಿ ದೇಶದಲ್ಲೇ ಮೊದಲು ತಂದ ರಾಜ್ಯ ಕರ್ನಾಟಕ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಜಮಾಬಂದಿ ನಡೆಸಿ ತಮ್ಮ ಖರ್ಚುವೆಚ್ಚವನ್ನು ಊರಿನವರ ಮುಂದೆ ಇಡಬೇಕೆಂಬ ನಿಯಮವಿದೆ.

ಇಷ್ಟಿದ್ದೂ ಬಜೆಟ್ ದಿನ ನಾವು ನೋಡುವುದು ಯಾವುದರ ಬೆಲೆ ಏರಿತು, ಯಾರಿಗೆ ಏನು ಕೊಟ್ಟರು ಎಂಬಷ್ಟನ್ನೇ. ಕಳೆದ ವರ್ಷ ಕೊಟ್ಟ ಮಾತಿನ ಹಣ ಖರ್ಚಾಯಿತೆ, ಸಾಲ ತಂದದ್ದು ಕಾಲುವೆಗೋ ಸಂಬಳಕ್ಕೋ, ನಮ್ಮ ತಾಲ್ಲೂಕಿನ ಪಾಲೆಷ್ಟು ಎಂದು ಕೇಳುವವರು ಕಡಿಮೆ. ಸದನದಲ್ಲಿ ಗದ್ದಲದ ನಡುವೆ ಅನುದಾನಗಳು ಚರ್ಚೆಯಿಲ್ಲದೆ ಅಂಗೀಕಾರವಾದರೆ ನಮಗೆ ಸಿಟ್ಟು ಬರುವುದಿಲ್ಲ. ಗ್ರಾಮಸಭೆಯ ದಿನ ಊರಲ್ಲಿದ್ದೂ ಹೋಗದವರು ನಮ್ಮಲ್ಲಿ ಎಷ್ಟೋ ಜನ. ತೆರಿಗೆ ಕಡಿಮೆಯಿದ್ದಾಗಲೂ ಮೈಸೂರಿನ ಜನ ಬರಕ್ಕೆ ತುತ್ತಾದರು, ದಕ್ಷ ಅಧಿಕಾರಿಗಳಿದ್ದಾಗಲೂ ತುತ್ತಾದರು. ಅವರ ಸ್ಥಿತಿ ಸುಧಾರಿಸಿದ್ದು ಕೊಡುವವನೂ ಖರ್ಚು ಮಾಡುವವನೂ ಒಂದೇ ಸಭೆಯಲ್ಲಿ ಎದುರಾದ ಮೇಲೆ. ಆ ಸಭೆಯನ್ನು ಹಿಂದಿನವರು ಕಟ್ಟಿಕೊಟ್ಟಿದ್ದಾರೆ. ಅಲ್ಲಿಗೆ ಹೋಗಿ ಕೂರುವ, ಪುಟ ತಿರುವಿ ಓದುವ, ಎದ್ದು ಕೇಳುವ ಕೆಲಸವನ್ನು ಮಾತ್ರ ಯಾವ ದಿವಾನರೂ ನಮ್ಮ ಪರವಾಗಿ ಮಾಡಿಕೊಡಲಾರರು. ಅದನ್ನು ನಾವೇ ಮಾಡಬೇಕು.